ಬೀಗಿತ್ತಿಯನ್ನು ಎಬ್ಬಿಸುವ ಕೆಲಸ

ನಮ್ಮ ಮನೆಯ ಅಟ್ಟದ ಮೇಲೊಂದು ಅಲಾರಂ ಗಡಿಯಾರವಿದೆ. ಅದರ ಮುಳ್ಳುಗಳು ಯಾವ ಕಾಲದಲ್ಲೋ ನಿಂತುಹೋಗಿವೆ. ಆದರೆ ಯಾರಾದರೂ ಅದನ್ನು ಎತ್ತಿ ಈ ಕಡೆಯಿಂದ ಆ ಕಡೆ ಇಟ್ಟರೆ ಸಾಕು, ಹೊಟ್ಟೆಯೊಳಗೆ ಉಳಿದ ಒಂದಿಷ್ಟು ಕೀಲಿಯ ಬಲದಿಂದ ಗಂಟೆ ಮಾತ್ರ ಬಾಯಿ ಬಡಿದುಕೊಳ್ಳುತ್ತದೆ. ಮೊನ್ನೆ ಅಟ್ಟ ಗುಡಿಸಲು ಹತ್ತಿದ ಮೊಮ್ಮಗಳು ಆ ಸದ್ದಿಗೆ ಬೆಚ್ಚಿ ಏಣಿಯಿಂದ ಬೀಳುವುದರಲ್ಲಿದ್ದಳು. ಕೆಳಗಿಳಿದು ಬಂದು, ಇದನ್ನು ಗುಜರಿಗೆ ಹಾಕೋಣ ಅಜ್ಜಿ ಎಂದಳು. ಬೇಡ ಎಂದೆ. ಅಷ್ಟು ಒಳ್ಳೆಯ ಗಡಿಯಾರವೇ ಎಂದು ಕೇಳಿದಳು. ಒಳ್ಳೆಯದೇನು ಬಂತು, ನಮ್ಮ ಮನೆಗೆ ಬಂದ ಸಾಮಾನುಗಳಲ್ಲೆಲ್ಲ ಶುದ್ಧ ದಂಡದ್ದು ಅದು. ಒಬ್ಬರನ್ನು ಎಬ್ಬಿಸಲೆಂದು ತಂದದ್ದು, ಆ ಒಬ್ಬರನ್ನು ಬಿಟ್ಟು ಇಡೀ ಬೀದಿಯನ್ನು ಎಬ್ಬಿಸಿತು.

ಆ ಒಬ್ಬರು ನಮ್ಮ ನಾನಿಮಾ, ಎಂದರೆ ನಮ್ಮವರ ತಾಯಿಯ ತಾಯಿ. ನಮ್ಮವರ ಹೆಸರೇನು ಎಂದು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಲಾರೆ.

ನಾನು ತೋವಿನಕೆರೆಯ ಹೆಣ್ಣು. ಮದುವೆಯಾಗಿ ಶಿರಾಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಮಾವನವರದು ಅಲ್ಲಿ ಕಡಲೆಕಾಯಿ ವ್ಯಾಪಾರ. ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಳ್ಳುವ ಮನೆತನ. ಅಂಥವರು ಹರೆಯದಲ್ಲಿ ಪಕ್ಕದ ಬೀದಿಯ ಬಳೆ ಅಂಗಡಿಯವರ ಮಗಳು ಜುಲೇಖಾಳನ್ನು ಮದುವೆಯಾದರು. ಅದು ಹೇಗಾಯಿತು ಎಂಬುದನ್ನು ಮಾವನವರು ಒಂದು ಥರ ಹೇಳುತ್ತಿದ್ದರು, ಅತ್ತೆ ಇನ್ನೊಂದು ಥರ. ಮಾವನವರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಹೇಳುತ್ತಲೇ ಇರಲಿಲ್ಲ. ಊರು ಒಂದಷ್ಟು ವರ್ಷ ಅದನ್ನೇ ಆಡಿಕೊಂಡಿತು. ಆಮೇಲೆ ಆಡಿಕೊಳ್ಳಲು ಬೇರೆ ಸಂಗತಿ ಸಿಕ್ಕಿ ಇವರನ್ನು ಬಿಟ್ಟಿತು.

ನಾನಿಮಾ ಗಂಡ ತೀರಿಕೊಂಡ ಮೇಲೆ ಮಗಳ ಬಾಣಂತನಕ್ಕೆಂದು ಒಂದು ತಗಡಿನ ಟ್ರಂಕು ಹಿಡಿದು ಬಂದವರು. ಬಂದವರು ಹೋಗಲಿಲ್ಲ. ಮಗು ನಡೆಯಲು ಕಲಿಯಲಿ ಎಂದರಂತೆ, ಆಮೇಲೆ ಶಾಲೆಗೆ ಸೇರಲಿ ಎಂದರಂತೆ, ಮೀಸೆ ಬರಲಿ ಎಂದರಂತೆ. ನಾನು ಸೊಸೆಯಾಗಿ ಬಂದಾಗ ಆ ಬಾಣಂತನ ಇನ್ನೂ ಮುಗಿದಿರಲಿಲ್ಲ. ಅವರ ತವರು ಪಾವಗಡ. ಹೀಗಾಗಿ ಬಾಯಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಇದ್ದವು. ಮುದ್ದಿಗೆ ಉರ್ದು, ಲೆಕ್ಕಕ್ಕೆ ತೆಲುಗು, ಜಗಳಕ್ಕೆ ಕನ್ನಡ. ಜಗಳಕ್ಕೆ ಕನ್ನಡವೇ ಏಕೆಂದರೆ ಎದುರಿಗಿರುತ್ತಿದ್ದ ಅಜ್ಜಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಅರ್ಥವಾಗದ ಬೈಗುಳವನ್ನು ಬೈದು ಏನು ಸುಖ?

ಅಜ್ಜಿ ಅವರನ್ನು ಕರೆಯುತ್ತಿದ್ದುದು ಬೀಗ್ತಿ ಎಂದು, ಅವರು ಅಜ್ಜಿಯನ್ನು ಸಮ್ಧನ್ ಎಂದು. ಎರಡರ ಅರ್ಥವೂ ಒಂದೇ, ಬೀಗಿತ್ತಿ. ಸಾಮಾನ್ಯವಾಗಿ ಬೀಗಿತ್ತಿಯರು ವರ್ಷಕ್ಕೊಂದೆರಡು ಸಲ ಭೇಟಿಯಾಗಿ, ಸೀರೆ ಚೆನ್ನಾಗಿದೆ ಎಂದು ಹೇಳಿಕೊಂಡು, ಮನೆಗೆ ಹೋಗಿ ಅದೇ ಸೀರೆಯನ್ನು ಆಡಿಕೊಳ್ಳುವವರು. ಇವರಿಬ್ಬರಿಗೆ ಹಾಗೆ ಆಡಿಕೊಳ್ಳಲು ಬೇರೆ ಬೇರೆ ಮನೆಗಳೇ ಇರಲಿಲ್ಲ. ಎಲ್ಲವನ್ನೂ ಎದುರಿಗೇ ಹೇಳಬೇಕಾಗಿತ್ತು.

ಇಂಥ ಮನೆಗೆ ನನ್ನನ್ನು ಕೊಟ್ಟರು. ನಮ್ಮಪ್ಪ ಮೇಷ್ಟ್ರು, ಹೊಸ ಕಾಲದವರು. ಆ ಮನೆಯಲ್ಲಿ ಹಬ್ಬಗಳು ಜಾಸ್ತಿ, ಹುಡುಗಿ ಒಳ್ಳೆಯ ಊಟ ಮಾಡುತ್ತಾಳೆ ಎಂದು ನಮ್ಮಮ್ಮನಿಗೆ ಸಮಾಧಾನ ಹೇಳಿದರು. ಅಮ್ಮ ಒಂದೇ ಪ್ರಶ್ನೆ ಕೇಳಿದಳು: ಒಲೆ ಬೇರೆಬೇರೆ ಇದೆಯೇ? ಇದೆ ಎಂದರು. ಅಮ್ಮ ನೆಮ್ಮದಿಯಾದಳು. ನಮ್ಮವರು ಎರಡೂ ಒಲೆಯ ಮುಂದೆ ಕೂತು ಊಟ ಮಾಡುತ್ತಾರೆ ಎಂಬುದನ್ನು ಆ ಮನೆಯವರೂ ಹೇಳಲಿಲ್ಲ, ಅಪ್ಪನೂ ಜಾಣತನದಿಂದ ಕೇಳಲಿಲ್ಲ.

ಅಜ್ಜಿಯ ಒಲೆ ಅಡುಗೆಮನೆಯಲ್ಲಿ, ನಾನಿಮಾ ಒಲೆ ಹಿತ್ತಿಲ ಮಾಡಿನ ಕೆಳಗೆ. ನಾನಿಮಾ ಮಾಂಸ ಬೇಯಿಸುವ ದಿನ ಮಾವನವರು ಹಿತ್ತಿಲಿಗೆ ಹೋಗಿ ಹೆಗಲ ಮೇಲಿನ ವಲ್ಲಿಯನ್ನು ಗಾಳಿಗೆ ಹಿಡಿದು ನಿಲ್ಲುತ್ತಿದ್ದರು. ವಲ್ಲಿ ದೇವರಮನೆಯ ಕಡೆಗೆ ಹಾರಿದರೆ ಆ ದಿನ ಮಾಂಸವಿಲ್ಲ, ಬೀದಿಯ ಕಡೆಗೆ ಹಾರಿದರೆ ಉಂಟು. ಗಾಳಿ ಬೀದಿಯ ಕಡೆ ಬೀಸಲಿ ಎಂದು ನಮ್ಮವರು ಚಿಕ್ಕವರಿದ್ದಾಗ ಎರಡೂ ದೇವರಿಗೆ ಹರಕೆ ಹೊತ್ತುಕೊಳ್ಳುತ್ತಿದ್ದರಂತೆ. ಅಜ್ಜಿ ಆ ಒಲೆಯ ಮೇಲೆ ಬೆಂದ ಒಂದು ಅಗುಳನ್ನೂ ಮುಟ್ಟುತ್ತಿರಲಿಲ್ಲ. ಆದರೆ ಬೆಳಿಗ್ಗೆ ತನ್ನ ಒಲೆ ಹಚ್ಚಲು ಅಲ್ಲಿಂದ ಕೆಂಡ ತರಿಸುತ್ತಿದ್ದಳು. ಹೊಸದರಲ್ಲಿ ನನಗೆ ಇದು ಅರ್ಥವಾಗದೆ, ಅನ್ನ ಆಗದು, ಕೆಂಡ ಹೇಗೆ ಆಗುತ್ತದೆ ಎಂದು ಕೇಳಿದೆ. ಬೆಂಕಿಯನ್ನು ಯಾರೂ ಬೇಯಿಸಿರುವುದಿಲ್ಲವಲ್ಲ ಎಂದಳು. ನಾನು ಓದಿದ ಹುಡುಗಿ ಎಂಬ ಜಂಬ ಇಟ್ಟುಕೊಂಡಿದ್ದೆ. ಅದನ್ನು ಬದಿಗಿಟ್ಟು ಕೆಂಡ ತರಲು ಹೋದೆ.

ಇಬ್ಬರಲ್ಲಿ ಯಾರು ದೊಡ್ಡವರು ಎಂಬುದೂ ತೀರ್ಮಾನವಾಗಿರಲಿಲ್ಲ. ಅಜ್ಜಿ ತಾನು ಪ್ಲೇಗಿನ ಕಾಲಕ್ಕೆ ಮೊದಲೇ ಹುಟ್ಟಿದವಳು ಎನ್ನುತ್ತಿದ್ದಳು. ನಾನಿಮಾ, ಯಾವ ಪ್ಲೇಗು, ಬಂದದ್ದು ಒಂದೇ ಸಲವೇ ಎನ್ನುತ್ತಿದ್ದರು. ಕಾಲು ನೋವಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಇಬ್ಬರೂ ತಾನೇ ದೊಡ್ಡವಳು, ಮಾಳಿಗೆ ಹತ್ತುವಾಗ ಇಬ್ಬರೂ ತಾನೇ ಚಿಕ್ಕವಳು.

ಈಗ ಎಬ್ಬಿಸುವ ಕೆಲಸಕ್ಕೆ ಬರುತ್ತೇನೆ. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವವರು ಬೆಳಕು ಹರಿಯುವ ಮುಂಚೆ ಎದ್ದು ಏನಾದರೂ ತಿಂದು ನೀರು ಕುಡಿಯಬೇಕು. ಆಮೇಲೆ ಹೊತ್ತು ಮುಳುಗುವ ತನಕ ಒಂದು ತೊಟ್ಟೂ ಇಲ್ಲ. ಅತ್ತೆಗೆ ಹೊಟ್ಟೆಹುಣ್ಣು, ಡಾಕ್ಟರು ಉಪವಾಸ ಬೇಡ ಎಂದಿದ್ದರು. ಹಾಗಾಗಿ ಮನೆಯಲ್ಲಿ ರೋಜಾ ಹಿಡಿಯುತ್ತಿದ್ದುದು ನಾನಿಮಾ ಒಬ್ಬರೇ. ಅವರಿಗೆ ಕಿವಿ ಮಂದ. ಫಕೀರ ಬೀದಿಯಲ್ಲಿ ತಮಟೆ ಬಡಿದು ಕೂಗಿಕೊಂಡು ಹೋದರೂ ಕೇಳಿಸದು. ಅಜ್ಜಿಗೆ ಮೊದಲಿಂದಲೂ ಮೊದಲ ಕೋಳಿಗೆ ಎಚ್ಚರ. ಎದ್ದು, ಮುಖ ತೊಳೆದು, ಹಿತ್ತಿಲ ಕೋಣೆಯ ಬಾಗಿಲು ಬಡಿದು, 'ಎದ್ದೇಳೇ ಬೀಗ್ತಿ' ಎಂದು ಕೂಗುವುದು ಅವಳ ಕೆಲಸ. ಆಮೇಲೆ ನಾನಿಮಾ ತಿನ್ನುವಷ್ಟು ಹೊತ್ತೂ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತು ಮೂಡಣ ದಿಕ್ಕನ್ನು ಕಾಯುವಳು. ಬೆಳಕಿನ ಗೆರೆ ಕಂಡಿತೋ, ಸಾಕು ಬಾಯಿ ತೊಳೆದುಕೋ ಎನ್ನುವಳು. ಶಿವರಾತ್ರಿಯ ಜಾಗರಣೆಗೆ ಇದರ ಬದಲು ಸೇವೆ. ಅಜ್ಜಿ ತೂಕಡಿಸಿದಾಗಲೆಲ್ಲ ನಾನಿಮಾ ಪಕ್ಕೆ ತಿವಿದು ಎಬ್ಬಿಸುತ್ತಿದ್ದರು. ತಾನಿಲ್ಲದಿದ್ದರೆ ಬೀಗಿತ್ತಿಯ ಉಪವಾಸ ಒಂದು ದಿನವೂ ನಡೆಯದು ಎಂದು ಅಜ್ಜಿ ನೀರಿನ ಬಾವಿಯ ಹತ್ತಿರ ಎಲ್ಲರಿಗೂ ಹೇಳುತ್ತಿದ್ದಳು. ಆ ದೇವರಿಗೂ ಈ ಸಂಗತಿ ಗೊತ್ತಿರಲಿ ಎಂಬಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

ನಾನು ಬಂದ ಮೊದಲ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಮರುವರ್ಷ ರಂಜಾನ್ ಬಂದದ್ದು ಬಿಸಿಲು ಏರುವ ಕಾಲಕ್ಕೆ. ನಾನಿಮಾಗೆ ನಾಯಿಕೆಮ್ಮಿನಂಥ ಕೆಮ್ಮು ಹಿಡಿದುಕೊಂಡಿತು. ಒಂದು ದಿನ ಅವರು ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಅಜ್ಜಿ ಎಬ್ಬಿಸಿರಲಿಲ್ಲ. ಒಂದು ಗುಟುಕು ನೀರೂ ಇಲ್ಲದೆ ನಾನಿಮಾ ಆ ದಿನದ ರೋಜಾ ಹಿಡಿದರು. ಬಿಟ್ಟುಬಿಡಿ, ಆಮೇಲೆ ಒಂದು ದಿನ ಹಿಡಿದರಾಯಿತು ಎಂದು ಮಾವನವರೂ ಹೇಳಿದರು, ಮಸೀದಿಯ ಹಜರತರೂ ಹೇಳಿ ಕಳಿಸಿದರು. ಕೇಳಲಿಲ್ಲ. ಮಧ್ಯಾಹ್ನ ತಲೆ ಸುತ್ತಿ ಬಾವಿಕಟ್ಟೆಯ ಹತ್ತಿರ ಬಿದ್ದರು. ಸಂಜೆ ಖರ್ಜೂರ ಬಾಯಿಗಿಟ್ಟುಕೊಂಡು, ನೀರು ಕುಡಿದು, ಸ್ವಲ್ಪ ಚೇತರಿಸಿಕೊಂಡು, ಅಜ್ಜಿಯ ಕಡೆ ನೋಡಿ, 'ಬೇಕಂತಲೇ ಎಬ್ಬಿಸಲಿಲ್ಲ ಸಮ್ಧನ್' ಎಂದರು.

ಅಜ್ಜಿ ಕೋಳಿ ಕೂಗಲಿಲ್ಲ ಎಂದಳು. ನಾನಿಮಾ, ಊರಿನ ಕೋಳಿಗಳೆಲ್ಲ ಒಂದೇ ದಿನ ಸತ್ತವೇ ಎಂದರು. ಅಜ್ಜಿ ಎದ್ದು ಒಳಗೆ ಹೋದಳು. ಅದೇ ಕೊನೆ, ಮಾತು ನಿಂತಿತು.

ನಿಜವಾಗಿ ಏನಾಗಿತ್ತು ಎಂಬುದು ನನಗೆ ಗೊತ್ತಿತ್ತು. ಅಂದು ರಾತ್ರಿ ಅಡುಗೆಮನೆ ಸಾರಿಸುವಾಗ ಅಜ್ಜಿಯೇ ಹೇಳಿದಳು. ಕೋಳಿ ಕೂಗಿತ್ತು. ಬಾಗಿಲು ಬಡಿಯಲು ಕೈಯನ್ನೂ ಎತ್ತಿದ್ದಳು. ರಾತ್ರಿಯೆಲ್ಲ ಕೆಮ್ಮಿದ ನಾನಿಮಾಗೆ ಆಗಷ್ಟೇ ನಿದ್ದೆ ಹತ್ತಿತ್ತು. ಉಸಿರಾಟ ಸಮನಾಗಿ ಕೇಳುತ್ತಿತ್ತು. ಇನ್ನೊಂದು ಚೂರು ಮಲಗಲಿ ಎಂದು ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೂತವಳಿಗೆ ಮಂಪರು ಕವಿಯಿತು. ಅಷ್ಟೇ.

ಇಂಥ ಮಾತನ್ನು ಕೇಳಿಸಿಕೊಂಡ ಮೇಲೆ ಸುಮ್ಮನಿರಲು ನಾನೇನು ಕಲ್ಲೇ? ಜಗಳ ಬಗೆಹರಿಸಿ ಜಾಣ ಸೊಸೆ ಅನಿಸಿಕೊಳ್ಳುವ ಆಸೆಯಿಂದ ಮಾರನೆಯ ದಿನವೇ, ನನ್ನನ್ನು ದುಲ್ಹನ್ ಎಂದರೆ ಮದುಮಗಳು ಎಂದೇ ಕರೆಯುತ್ತಿದ್ದ ನಾನಿಮಾ ಕಿವಿಗೆ ಹಾಕಿದೆ. ಅವರ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬೆಂಕಿ. ಹಸಿವನ್ನು ತಡೆದುಕೊಂಡವರಿಗೆ ದಯೆಯನ್ನು ತಡೆದುಕೊಳ್ಳಲಾಗಲಿಲ್ಲ.

'ನನ್ನ ರೋಜಾ ಮ್ಯಾಲೆ ಪಾಪ ಅನ್ನೋಕೆ ಅವಳ್ಯಾರು ದುಲ್ಹನ್? ಏಳಕ್ಕಾಗದ ಮುದುಕಿ ಅಂದ್ಕೊಂಡ್ಳಾ ನನ್ನ?'

ಇದು ಅಜ್ಜಿಗೆ ಕೇಳಿಸಿತು. ಅವಳು ನನ್ನನ್ನು ಕರೆದು, ತಾನು ಹೇಳಿದ್ದು ನನ್ನ ಕಿವಿಗೇ ಹೊರತು ಊರ ಕಿವಿಗಲ್ಲ ಎಂದಳು. ಅಲ್ಲಿಗೆ ಇಬ್ಬರೂ ಪರಸ್ಪರ ಮಾತು ಬಿಟ್ಟಿದ್ದರ ಜೊತೆಗೆ ನನ್ನ ಜೊತೆಯೂ ಒಂದೆರಡು ದಿನ ಮಾತು ಬಿಟ್ಟರು. ಆ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರ ನಡುವೆ ಪೂರ್ಣ ಒಮ್ಮತವಿತ್ತು.

ಆ ವಾರವೇ ಮಾವನವರು ತುಮಕೂರಿನಿಂದ ಅಲಾರಂ ಗಡಿಯಾರ ತಂದರು. ನಾನಿಮಾ ಅದನ್ನು ತಮ್ಮ ಕೋಣೆಯ ಕಿಟಕಿಯಲ್ಲಿಟ್ಟು, ಇನ್ನು ಯಾರ ಹಂಗೂ ಬೇಡ ಎಂದರು. ಮಾರನೆಯ ಮುಂಜಾವು ಅದು ಹೊಡೆದುಕೊಂಡಿತು ನೋಡಿ, ಮಾವನವರು ಕಳ್ಳ ಕಳ್ಳ ಎಂದು ಎದ್ದರು, ನಮ್ಮವರು ಮಂಚದಿಂದ ಬಿದ್ದರು, ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ನಾನಿಮಾ ಮಾತ್ರ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ನಾನು ಓಡಿಹೋಗಿ ಎಬ್ಬಿಸೋಣ ಎಂದು ಹಿತ್ತಿಲಿಗೆ ಬಂದರೆ ಅಜ್ಜಿ ಆಗಲೇ ಅಲ್ಲಿದ್ದಾಳೆ. ಮಾತಾಡುವಂತಿಲ್ಲವಲ್ಲ, ಕೈಯಲ್ಲಿ ಒನಕೆ. ಬಾಗಿಲಿಗೆ ಧಡ್ ಧಡ್ ಎಂದು ಗುದ್ದಿ, ಒಳಗೆ ಅಲುಗಾಟ ಕೇಳಿದ ಕೂಡಲೇ ಒನಕೆ ಹೊತ್ತುಕೊಂಡು ಬೆಕ್ಕಿನ ಹಾಗೆ ಸದ್ದಿಲ್ಲದೆ ಒಳಗೆ ನಡೆದಳು.

ಆಮೇಲೆ ದಿನವೂ ಇದೇ ನಡೆಯಿತು. ಬಾಗಿಲಿನಲ್ಲಿ ಒನಕೆಯ ಗುರುತು ಬಿತ್ತು. ನಾನಿಮಾ ಮುಖ ಗಂಭೀರ ಮಾಡಿಕೊಂಡು, ಈ ಗಡಿಯಾರ ಒಳ್ಳೆ ಕಂಪನಿಯದು, ಭೂಮಿ ನಡುಗುವ ಹಾಗೆ ಹೊಡೆಯುತ್ತದೆ ಎಂದು ನನ್ನ ಹತ್ತಿರ ಹೊಗಳುತ್ತಿದ್ದರು. ಅಜ್ಜಿಯೂ ಹೌದಂತೆ, ಒಳ್ಳೆ ಗಡಿಯಾರವಂತೆ ಎನ್ನುತ್ತಿದ್ದಳು.

ಉಳಿದ ಹೊತ್ತಿನಲ್ಲಿ ನಾನೇ ಟಪಾಲು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಮಾರು ದೂರದಲ್ಲಿ ಕೂತಿರುತ್ತಿದ್ದರು. ಆಯಮ್ಮನ ಬಟ್ಟೆ ಒಣಗಿದೆ, ತೆಗೆದುಕೊಳ್ಳಲು ಹೇಳು ಎಂದು ಅಜ್ಜಿ ನನಗೆ ಹೇಳುವಳು. ತಾನೇನು ಕುರುಡಿಯಲ್ಲ ಎಂದು ಹೇಳು ಎಂದು ನಾನಿಮಾ ನನಗೇ ಹೇಳುವರು. ಫಕೀರನ ತಮಟೆ ಕೇಳಿಸದ ಕಿವಿಗೆ ಅಜ್ಜಿಯ ಗೊಣಗಾಟ ಮಾತ್ರ ಹೇಗೆ ಅಷ್ಟು ಚೆನ್ನಾಗಿ ಕೇಳಿಸುತ್ತಿತ್ತೋ!

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ಆದರೆ ಒಂದು ದಿನ ನಾನಿಮಾ ಟ್ರಂಕನ್ನು ಬಿಸಿಲಿಗಿಟ್ಟರು. ಹಬ್ಬದ ದಿನ ಮಧ್ಯಾಹ್ನವೇ ಪಾವಗಡಕ್ಕೆ, ತಮ್ಮನ ಮಗನ ಮನೆಗೆ ಹೊರಟುಬಿಡುತ್ತೇನೆ, ಇನ್ನು ಬರುವುದಿಲ್ಲ ಎಂದರು. ಅತ್ತೆ ಮೊದಲು, ಇದು ಇದ್ದದ್ದೇ ಎಂದು ನಕ್ಕರು. ಪ್ರತಿ ಜಗಳದಲ್ಲೂ ಪಾವಗಡ ಬರುತ್ತಿತ್ತಂತೆ. ಆದರೆ ಟ್ರಂಕು ಎಂದೂ ಬಿಸಿಲು ಕಂಡಿರಲಿಲ್ಲ. ನಾನಿಮಾ ಗೋಡೆಯ ಗೂಡಿನಲ್ಲಿದ್ದ ಕುರಾನನ್ನೂ, ಎಲೆಯಡಿಕೆಯ ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಇಟ್ಟಾಗ ಅತ್ತೆಯ ನಗು ನಿಂತಿತು. ಅವರು ತಾಯಿಗೂ ಹೇಳಿನೋಡಿದರು, ತಮ್ಮ ಅತ್ತೆಯಾದ ಅಜ್ಜಿಗೂ ಹೇಳಿನೋಡಿದರು. ಹೋಗಬೇಡ ಎಂದು ಸಮ್ಧನ್ ಒಂದು ಮಾತು ಹೇಳಲಿ ಎಂದರು ನಾನಿಮಾ. ಹೋಗು ಎಂದು ತಾನು ಹೇಳಿದ್ದರಲ್ಲವೇ ಹೋಗಬೇಡ ಎನ್ನುವುದು ಎಂದಳು ಅಜ್ಜಿ.

ನನಗೆ ಆಗ ಐದು ತಿಂಗಳು. ದಿನಾ ಸಂಜೆ ನಾನಿಮಾ ನನ್ನ ಕಾಲುಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದರು. ಹಿರಿಯರ ಮಡಿಲಲ್ಲಿ ಕಾಲಿಡುವುದೇ ಎಂದು ನಾನು ಎಳೆದುಕೊಂಡರೆ ಕಾಲಿಗೊಂದು ಏಟು ಬೀಳುತ್ತಿತ್ತು. ನಮ್ಮವರನ್ನು ಮೊದಲು ಎತ್ತಿಕೊಂಡ ಕೈಗಳು ಅವು. ತವರಿನಿಂದ ಮಗು ಎತ್ತಿಕೊಂಡು ಬಂದಾಗ ಬಾಗಿಲಲ್ಲಿ ಇಬ್ಬರು ಮುದುಕಿಯರು ನಿಂತು, ಯಾರು ಮೊದಲು ಎತ್ತಿಕೊಳ್ಳಬೇಕೆಂದು ಜಗಳವಾಡುತ್ತಾರೆ ಎಂದು ನಾನು ಕನಸು ಕಟ್ಟಿಕೊಂಡಿದ್ದೆ. ಆ ಬಾಗಿಲಲ್ಲಿ ಈಗ ಒಬ್ಬರೇ ಮುದುಕಿ ಉಳಿಯುವವರಿದ್ದರು.

ಇದರ ನಡುವೆ ಯುಗಾದಿ ಬಂತು. ಆ ವರ್ಷ ನಮ್ಮ ಅಮಾವಾಸ್ಯೆಗೂ ಅವರ ತಿಂಗಳಿಗೂ ತಾಳೆಯಾಗಿ, ಯುಗಾದಿಯ ಸಂಜೆ ನಾವು ನೋಡಬೇಕಾದ ಚಂದ್ರನೂ ರಂಜಾನ್ ಮುಗಿಯಿತೆಂದು ಅವರು ನೋಡಬೇಕಾದ ಚಂದ್ರನೂ ಒಬ್ಬನೇ ಆಗಿದ್ದ. ಅವನು ಅಂದೇ ಕಂಡರೆ ಮಾರನೆಯ ದಿನ ಅವರಿಗೆ ಹಬ್ಬ, ನಮಗೆ ವರ್ಷತೊಡಕು. ವರ್ಷತೊಡಕು ಎಂದರೆ ನಮ್ಮ ಕಡೆ ಭಯದ ದಿನ. ಅವತ್ತು ಏನು ನಡೆಯಿತೋ ಅದು ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಅವತ್ತು ಅತ್ತವರು ವರ್ಷವೆಲ್ಲ ಅಳಬೇಕು, ಬೈಸಿಕೊಂಡವರು ವರ್ಷವೆಲ್ಲ ಬೈಸಿಕೊಳ್ಳಬೇಕು. ತೋವಿನಕೆರೆಯಲ್ಲಿ ನಮ್ಮಪ್ಪ ದಡ್ಡ ಹುಡುಗರ ಕಿವಿಯನ್ನೂ ಅವತ್ತು ಮುಟ್ಟುತ್ತಿರಲಿಲ್ಲ. ಈ ಇಬ್ಬರು ಅವತ್ತೂ ಮಾತು ಬಿಟ್ಟೇ ಇದ್ದರೆ ಗತಿಯೇನು? ಚಂದ್ರ ನೋಡುವ ಹೊತ್ತಿಗಾದರೂ ಮಾತಾಡಿಸಲೇಬೇಕು ಎಂದು ಅತ್ತೆ, ಮಾವನವರು, ನಾನು ಗುಟ್ಟಾಗಿ ನಿಶ್ಚಯಿಸಿದೆವು.

ನಾನಿಮಾಗೆ ಕಣ್ಣಿಗೆ ಪೊರೆ. ಅಜ್ಜಿಯ ಕಣ್ಣು ಹತ್ತಿರದ ಸೂಜಿಗೆ ಕುರುಡು, ದೂರದ ಹದ್ದಿಗೆ ಚುರುಕು. ಪ್ರತಿ ವರ್ಷವೂ ಚಂದ್ರನನ್ನು ಮೊದಲು ಕಾಣುವವಳು ಅಜ್ಜಿಯೇ, ನಾನಿಮಾಗೆ ತೋರಿಸುವವಳೂ ಅವಳೇ. ಸಂಜೆ ಎಲ್ಲರೂ ಮಣ್ಣಿನ ಮಾಳಿಗೆಯ ಮೇಲೆ ಸೇರಿದೆವು. ಅಜ್ಜಿ ಒಂದು ಮೂಲೆ, ನಾನಿಮಾ ಇನ್ನೊಂದು ಮೂಲೆ, ನಡುವೆ ನಾನು. ಪಡುವಣದಲ್ಲಿ ತೆಳ್ಳಗೆ ಮೋಡ. ಮಾವನವರಿಗೆ ಕಾಣಲಿಲ್ಲ, ನಮ್ಮವರಿಗೆ ಕಾಣಲಿಲ್ಲ. ಅಜ್ಜಿ ಕೈಮುಗಿದಳು. ಅಲ್ಲಿಗೆ ಅವಳಿಗೆ ಕಂಡಿದೆ ಎಂದಾಯಿತು. ಈಗ ಹೇಳುತ್ತಾಳೆ ಎಂದು ನಾವೆಲ್ಲ ಉಸಿರು ಹಿಡಿದು ನಿಂತೆವು. ಅಜ್ಜಿ ಹೇಳಿದಳು, ನನಗೆ. ಹುಣಸೆಮರದ ನೆತ್ತಿಯಿಂದ ಒಂದು ಗೇಣು ಮೇಲಕ್ಕೆ ನೋಡುವಂತೆ ಆಯಮ್ಮನಿಗೆ ಹೇಳಬೇಕಂತೆ.

ನಾನು ನಾನಿಮಾಗೆ ಹೇಳಿದೆ. ಯಾವ ಹುಣಸೆಮರ ಎಂದು ಅವರು ಕೇಳಿದರು, ನನ್ನನ್ನು. ಅಜ್ಜಿಯನ್ನು ಕೇಳಿದೆ. ಗರಡಿಮನೆಯ ಹತ್ತಿರದ್ದು. ಬಂದು ಹೇಳಿದೆ. ಯಾರ ಗೇಣು ಎಂದು ಕೇಳು, ನನ್ನ ಕೈ ಚಿಕ್ಕದು ಎಂದರು. ಹೋಗಿ ಕೇಳಿದೆ. ನನಗೋ ಮರವೂ ಸರಿಯಾಗಿ ಕಾಣುತ್ತಿಲ್ಲ, ಚಂದ್ರನೂ ಇಲ್ಲ. ನಾನು ಮಾತು ಮುಟ್ಟಿಸುವಷ್ಟರಲ್ಲಿ ಅವನು ಇನ್ನಷ್ಟು ಕೆಳಗಿಳಿದಿರುತ್ತಿದ್ದ, ಗೇಣಿನ ಲೆಕ್ಕವೆಲ್ಲ ತಪ್ಪಿರುತ್ತಿತ್ತು. ಐದು ತಿಂಗಳ ಬಸುರಿ ಮಾಳಿಗೆಯ ಮೇಲೆ ಆ ಮೂಲೆಯಿಂದ ಈ ಮೂಲೆಗೆ ಅಲೆದಾಡುವುದನ್ನು ನೋಡಿ ಅತ್ತೆ ತಲೆ ತಲೆ ಚಚ್ಚಿಕೊಂಡರು. ಚಂದ್ರ ಮರದ ಹಿಂದೆ ಇಳಿಯುವುದರಲ್ಲಿದ್ದ.

ಅಜ್ಜಿ ಇದ್ದಕ್ಕಿದ್ದಂತೆ ಎದ್ದಳು. ಬಿರಬಿರನೆ ಬಂದು, ನಾನಿಮಾ ಹಿಂದೆ ನಿಂತು, ಅವರ ಗದ್ದವನ್ನು ಗಟ್ಟಿಯಾಗಿ ಹಿಡಿದು ಪಡುವಣದ ಕಡೆ ತಿರುಗಿಸಿ ಅಲ್ಲೇ ನಿಲ್ಲಿಸಿದಳು. ನಾನಿಮಾ ಕೊಸರಿಕೊಳ್ಳಲಿಲ್ಲ. ಮುಖ ಅವಳ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವರ ತುಟಿ ಅಲುಗಿತು.

'ದುಲ್ಹನ್, ಕಂಡ್ತು ಅಂತ ಹೇಳು ಅವಳಿಗೆ.'

ಗದ್ದ ಹಿಡಿದೇ ನಿಂತಿದ್ದ ಅಜ್ಜಿ, 'ಕೇಳಿಸ್ತು ಅಂತ ಹೇಳಮ್ಮ' ಎಂದಳು.

ಮಸೀದಿಯ ನಗಾರಿ ಬಡಿಯಿತು. ನಾವೆಲ್ಲ ಇಬ್ಬರ ಕಾಲಿಗೂ ಬಿದ್ದೆವು. ಅಜ್ಜಿ ಬೆಳಿಗ್ಗೆಯಿಂದ ಒಂದು ಬಟ್ಟಲಲ್ಲಿ ಮುಚ್ಚಿಟ್ಟಿದ್ದ ಬೇವುಬೆಲ್ಲವನ್ನು, ಉಳಿದಿದೆ, ಯಾರಾದರೂ ತಿನ್ನಲಿ ಎಂದು ಗೋಡೆಗೆ ಹೇಳಿ ಇಟ್ಟು ಕೆಳಗಿಳಿದಳು. ನಾನಿಮಾ ಅದನ್ನು ತಿಂದು, ಬಟ್ಟಲನ್ನು ನನ್ನ ಕೈಗಿತ್ತು, ನಾಳೆ ಮಧ್ಯಾಹ್ನದ ಬಸ್ಸು, ಮಧುಗಿರಿಯಲ್ಲಿ ಬದಲಾಯಿಸಬೇಕು ಎಂದರು. ಮಾವನವರು ಜಟಕಾದವನಿಗೆ ಹೇಳಿಬರಲು ಹೋದರು. ಆ ರಾತ್ರಿ ನನ್ನ ಪಾಲಿನ ಹೋಳಿಗೆಯನ್ನು ನಮ್ಮವರ ತಟ್ಟೆಗೆ ಹಾಕಿದೆ.

ಬೆಳಗಾಯಿತು. ಹಬ್ಬ, ವರ್ಷತೊಡಕು, ಪ್ರಯಾಣ ಮೂರೂ ಒಂದೇ ದಿನ. ಮನೆಯಲ್ಲಿ ಎಲ್ಲರೂ ಗಾಜಿನ ಮೇಲೆ ನಡೆಯುವವರಂತೆ ನಡೆಯುತ್ತಿದ್ದೆವು. ಮಾವನವರು ಬಿಸಿ ಕಾಫಿಯನ್ನು ತೊಡೆಯ ಮೇಲೆ ಚೆಲ್ಲಿಕೊಂಡೂ ಶಿವ ಶಿವ ಎಂದು ನಕ್ಕರು. ಸಾರಿಗೆ ನಾನು ಉಪ್ಪು ಹಾಕುವುದನ್ನು ಮರೆತಿದ್ದೆ, ನಮ್ಮವರು ಬಹಳ ರುಚಿಯಾಗಿದೆ ಎಂದರು. ನಾನಿಮಾ ಹೊಸ ಬಟ್ಟೆ ಉಟ್ಟು ನಮಾಜು ಮುಗಿಸಿ ಶೀರ್ ಖುರ್ಮಾ, ಎಂದರೆ ಹಾಲಿನ ಶ್ಯಾವಿಗೆ ಪಾಯಸ, ಮಾಡಿದರು. ಅಜ್ಜಿ ಅದನ್ನು ಮುಟ್ಟುವುದಿಲ್ಲವಾದ್ದರಿಂದ, ಪ್ರತಿ ಹಬ್ಬದಲ್ಲೂ ಅವಳ ಪಾಲಿನ ಶ್ಯಾವಿಗೆ, ಸಕ್ಕರೆ, ಖರ್ಜೂರ, ಗೋಡಂಬಿಗಳನ್ನು ಬೇಯಿಸದೆ ಹಾಗೇ ಮೊರದಲ್ಲಿಟ್ಟು ಕೊಡುವುದು ವಾಡಿಕೆ. ಅಜ್ಜಿ ತನ್ನ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದಳು. ಈ ಸಲವೂ ಮೊರ ಸಿದ್ಧವಾಯಿತು. ನನ್ನ ಕೈಯಲ್ಲಿ ಕಳಿಸಿದರು. ಅಜ್ಜಿ ಮೊರವನ್ನು ತೆಗೆದುಕೊಂಡು, ಒಂದೆಳೆ ಶ್ಯಾವಿಗೆ ಮುರಿದು ನೋಡಿ, ಪಕ್ಕಕ್ಕಿಟ್ಟಳು.

ಮಧ್ಯಾಹ್ನ ಜಟಕಾ ಬಂದು ಬಾಗಿಲಲ್ಲಿ ನಿಂತಿತು. ನಮ್ಮವರು ಟ್ರಂಕನ್ನು ಪಡಸಾಲೆಗೆ ತಂದಿಟ್ಟರು. ನಾನಿಮಾ ಬುರ್ಖಾ ತೊಟ್ಟು ಅತ್ತೆಯ ತಲೆ ಸವರಿದರು, ನನ್ನ ಕೆನ್ನೆ ಸವರಿದರು. ವರ್ಷತೊಡಕಿನ ದಿನ ಅಳಬಾರದೆಂದು ಅತ್ತೆಯೂ ನಾನೂ ಸೆರಗು ಕಚ್ಚಿಕೊಂಡು ನಿಂತಿದ್ದೆವು. ಆಗ ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಮೊರ.

'ಏನೇ ಬೀಗ್ತಿ, ಇದು ಶ್ಯಾವ್ಗೆಯೇನೇ, ಬಾವಿ ಹಗ್ಗವೇನೇ? ಇದ್ನ ತಿನ್ನಾಕೆ ನನ್ ಬಾಯಾಗೆ ಹಲ್ ಐತೇನೇ? ಈ ಪೆಟ್ಗೆ ಬೇರೆ ತಂದು ದಾರಿಗಡ್ಡ ಮಡಗಿದ್ದೀಯ, ಎಡವಿ ಬಿದ್ದು ಸಾಯ್ಲಿ ಅಂತಲಾ?'

ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು ಬೈಗುಳ, ಅದೂ ಇವತ್ತು! ಮಾವನವರು ಎರಡೂ ಕೈ ಅಡ್ಡ ಹಿಡಿದು ಓಡಿಬಂದರು.

'ಅವ್ವ, ಇವತ್ತು ವರ್ಷತೊಡಕು. ಇವತ್ತು ಬೈದ್ರೆ ವರ್ಷವೆಲ್ಲ ಬೈಬೇಕಾಗ್ತದೆ.'

'ನಂಗೊತ್ತಿಲ್ವೇನ್ಲಾ? ವರ್ಷವೆಲ್ಲ ಬೈಬೇಕು ಅಂತ್ಲೇ ಬೈತಿರೋದು. ಇವ್ಳು ಹೋಗಿ ಪಾವಗಡದಾಗೆ ಕುಂತ್ರೆ, ನಾನು ಇಲ್ಲಿಂದ ಹೆಂಗ್ಲಾ ಬೈಲಿ?'

ಅಜ್ಜಿ ಮೊರವನ್ನು ಟ್ರಂಕಿನ ಪಕ್ಕ ನೆಲಕ್ಕೆ ಕುಕ್ಕಿದಳು. ನಾನಿಮಾ ಮುಸುಕನ್ನು ಹಿಂದಕ್ಕೆ ಸರಿಸಿ ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ಟ್ರಂಕಿನ ಮೇಲೆ ಕೂತರು. ನನಗಂತೂ ಆಗ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ವರ್ಷವೆಲ್ಲ ಅಳಬೇಕಾದರೆ ಅಳುತ್ತೇನೆ ಎನ್ನಿಸಿತು.

ಕೂತ ನಾನಿಮಾ ಶುರು ಮಾಡಿದರು. ಶ್ಯಾವಿಗೆ ದಪ್ಪವಂತೆ ಶ್ಯಾವಿಗೆ, ನಿನ್ನೆಯ ಹೋಳಿಗೆ ಹರಿಯಲು ಕತ್ತರಿ ಬೇಕಾಗಿತ್ತಲ್ಲ, ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೇ ಎಂದರು. ಅಜ್ಜಿ, ಹೋಳಿಗೆಗೆ ಹೆಸರಿಟ್ಟ ಬಾಯಿ ಐದು ಹೋಳಿಗೆ ಹೇಗೆ ತಿಂದಿತು ಎಂದಳು. ನಾನಿಮಾ ಗದ್ದ ಮುಟ್ಟಿ ತೋರಿಸಿ, ಚಂದ್ರನನ್ನು ತೋರಿಸುವ ನೆಪದಲ್ಲಿ ದವಡೆ ಕಿತ್ತಿದ್ದೀಯ ಎಂದರು. ಅಲ್ಲಿಂದ ಕೆಮ್ಮಿಗೆ ಹೋದರು, ಕೋಳಿಗೆ ಹೋದರು, ನಮ್ಮವರು ಹುಟ್ಟಿದ ದಿನ ಬಿಸಿನೀರು ತಡವಾದದ್ದಕ್ಕೆ ಹೋದರು, ಪ್ಲೇಗಿಗೂ ಹೋದರು. ಕನ್ನಡ ಸಾಲದೆ ತೆಲುಗು ಬಂತು, ಉರ್ದು ಬಂತು. ಅರ್ಥವಾಗದಿದ್ದರೂ ಅಜ್ಜಿ ಒಂದಕ್ಕೂ ಉತ್ತರ ಕೊಡದೆ ಬಿಡಲಿಲ್ಲ. ಜಟಕಾದವನು ಒಳಗೆ ಇಣುಕಿ, ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದ. ಮಾವನವರು ಅವನ ಕೈಗೆ ಒಂದು ಲೋಟ ಶೀರ್ ಖುರ್ಮಾ ಕೊಟ್ಟು ಕಳಿಸಿದರು.

ಹೊತ್ತು ಇಳಿಯುತ್ತಾ ಬಂತು. ನಾನಿಮಾ ಇನ್ನೂ ನಿಲ್ಲಿಸಿರಲಿಲ್ಲ. ಅಜ್ಜಿಗೆ ಏದುಸಿರು ಬಂದು ಕಂಬ ಹಿಡಿದುಕೊಂಡು, ಅದೇ ಟ್ರಂಕಿನ ಇನ್ನೊಂದು ತುದಿಯಲ್ಲಿ ಕೂತುಬಿಟ್ಟಳು.

'ಒಸಿ ಉಳಿಸ್ಕಳೇ ಬೀಗ್ತಿ' ಎಂದಳು. 'ಎಲ್ಲಾನೂ ಇವತ್ತೇ ಬೈದು ಮುಗಿಸ್ಬ್ಯಾಡ. ಇನ್ನೂ ವರ್ಷ ಪೂರ್ತಿ ಐತೆ.'